ದಾರಿ ತಪ್ಪುವುದನ್ನೇ ರೂಢಿ ಮಾಡಿಕೊಂಡ ಟೀಚರ್: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಮನೆಯ ವಿವರ ಬದಲಾಯಿಸಿದೆ. ಬರೆಯಲು ಅವರ ಒಪ್ಪಿಗೆ ಇದೆ.)

ರಾಯಚೂರು ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರ ಸಮಾಜ ವಿಜ್ಞಾನ ಶಿಕ್ಷಕಿ, ವಯಸ್ಸು 46. ಮದುವೆಯಾಗಿಲ್ಲ, ತಾಯಿಯ ಜೊತೆ ಇರುತ್ತಾರೆ. ಇಪ್ಪತ್ತು ವರ್ಷದಿಂದ ಹಲಗೆಯ ಮೇಲೆ ಗೋಲ ಬರೆದು ‘0 ಡಿಗ್ರಿ ರೇಖಾಂಶ, ಗ್ರೀನ್‌ವಿಚ್’ ಎಂದು ಪಾಠ ಮಾಡಿದವರು. ಆ ಗೆರೆಯನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ದುಡ್ಡು ಕೂಡಿಟ್ಟು, ಮೇ ತಿಂಗಳ ರಜೆಗೆ ಲಂಡನ್ ಟಿಕೆಟ್ ಮಾಡಿಸಿದ್ದರು. ಒಬ್ಬರೇ, ಎಂಟು ರಾತ್ರಿ. ಇಲಾಖೆಯ ನಿರಾಕ್ಷೇಪಣಾ ಪತ್ರ ಕೈಗೆ ಬಂದಿತ್ತು, ವೀಸಾ ಆಗಿತ್ತು.

ನನ್ನ ಬಳಿ ಬಂದದ್ದು ಮಾರ್ಚ್ ಎರಡನೇ ವಾರ. ಮೂರು ವಾರದಿಂದ ಸರಿಯಾಗಿ ನಿದ್ದೆ ಇಲ್ಲ. ಟಿಕೆಟ್ ನೆನಪಾದರೆ ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. “ಕ್ಯಾನ್ಸಲ್ ಮಾಡಿಬಿಡ್ಲೇನ್ರಿ ಮೇಡಂ? ಅರ್ಧ ರೊಕ್ಕನಾದ್ರೂ ಬರ್ತೈತಿ” ಎನ್ನುವುದೇ ಮೊದಲ ಮಾತು.

ಎದೆಬಡಿತ, ನಿದ್ದೆಗೇಡು ಎಂದಾಗ ಎಲ್ಲವನ್ನೂ ಮನಸ್ಸಿನ ಮೇಲೆ ಹಾಕಬಾರದು. ಮೊದಲು ವೈದ್ಯರ ಬಳಿ ಕಳಿಸಿ ಬಿಪಿ, ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಿದೆ. ಎಲ್ಲ ಸರಿ ಇತ್ತು. ಆಮೇಲೆ ಕೂತು ಮಾತಾಡಿದೆವು.

ಎರಡು ಪುಟದ ಕೆಲಸ ಕೊಟ್ಟೆ. ಎಡಪುಟದಲ್ಲಿ ಉತ್ತರ ಇರುವ ಚಿಂತೆ, ಬಲಪುಟದಲ್ಲಿ ಉತ್ತರ ಇಲ್ಲದ ಚಿಂತೆ. ಟೀಚರ್ ಅಲ್ಲವೇ, ಅಚ್ಚುಕಟ್ಟಾಗಿ 31 ಬರೆದು ತಂದರು. ಅದರಲ್ಲಿ 24ಕ್ಕೆ ಉತ್ತರ ಇತ್ತು: ಚಾರ್ಜರ್ ಪಿನ್ ಹೊಂದುತ್ತದೋ ಇಲ್ಲವೋ, ಊಟಕ್ಕೇನು, ಪಾಸ್‌ಪೋರ್ಟ್ ಕಳೆದರೆ ಎಲ್ಲಿಗೆ ಹೋಗುವುದು, ಇಂಥವು. ಉಳಿದ ಏಳರಲ್ಲಿ ಐದು ಬೇರೆ ಬೇರೆ ಮಾತಿನಲ್ಲಿ ಬರೆದ ಒಂದೇ ಚಿಂತೆ: ‘ನಾನು ದಾರಿ ಕೇಳಿದರೆ ನಗುತ್ತಾರೆ.’

ಸೇವೆಗೆ ಸೇರಿದ ಹೊಸದರಲ್ಲಿ ಬೆಂಗಳೂರಿನ ತರಬೇತಿಯೊಂದರಲ್ಲಿ ಇವರು ಇಂಗ್ಲಿಷಿನಲ್ಲಿ ದಾರಿ ಕೇಳಿದ್ದರು, ಜೊತೆಗಿದ್ದವರು ಅದನ್ನೇ ಅಣಕಿಸಿ ಎರಡು ದಿನ ನಕ್ಕಿದ್ದರು. ಅಂದಿನಿಂದ ಇವರು ಎಲ್ಲೂ ಯಾರನ್ನೂ ಏನೂ ಕೇಳಿಲ್ಲ. ಹೈದರಾಬಾದಿಗೆ ಎಷ್ಟೋ ಸಲ ಹೋಗಿದ್ದಾರೆ, ಅಣ್ಣನ ಹಿಂದೆ. ಮಂತ್ರಾಲಯಕ್ಕೂ ಯಾರಾದರೂ ಜೊತೆ ಬೇಕು. “ದಾರಿ ತಪ್ಪಿದ್ರ ಹೆದರಿಕಿ ಇಲ್ರಿ. ತಪ್ಪಿದ್ಮ್ಯಾಲ ಕೇಳ್ಬೇಕಲ್ರಿ, ಅದಕ್ಕ ಜೀವ ಹೋಗ್ತೈತಿ.” ಪ್ರಕರಣದ ಗಂಟು ಇದ್ದದ್ದು ಇಲ್ಲಿ.

ಒಂಟಿ ಪ್ರಯಾಣದ ಭಯ ಎಂದು ಬರುವವರಿಗೆ ಮನೆಯವರು ಕೊಡುವ ಔಷಧ ಒಂದೇ: ಇನ್ನಷ್ಟು ಮಾಹಿತಿ. ಮ್ಯಾಪ್ ನೋಡು, ವೀಡಿಯೊ ನೋಡು, ಪಟ್ಟಿ ಮಾಡು. ಇವರೂ ಹೋಟೆಲ್ ದಾರಿಯನ್ನು ಫೋನಿನಲ್ಲಿ ದಿನಕ್ಕೆ ಹತ್ತು ಸಲ ನಡೆದು ನೋಡುತ್ತಿದ್ದರು, ರಾತ್ರಿ ಎರಡಕ್ಕೆ ಎದ್ದು ಲಂಡನ್ ಕಳ್ಳತನದ ವೀಡಿಯೊ ನೋಡುತ್ತಿದ್ದರು. ನೋಡಿದಾಗ ಹತ್ತು ನಿಮಿಷ ಸಮಾಧಾನ, ಆಮೇಲೆ ಭಯ ಒಂದು ಗೇಣು ಹೆಚ್ಚು. ದಾರಿಯನ್ನು ಎಷ್ಟು ಸಲ ಗಟ್ಟಿ ಮಾಡಿದರೂ ತಪ್ಪಿದಾಗ ಏನು ಮಾಡಬೇಕು ಎಂಬುದು ಮೈಗೆ ಗೊತ್ತಾಗುವುದಿಲ್ಲ. ಅದಕ್ಕೆ ನನ್ನ ಸಲಹೆ ಉಲ್ಟಾ ಇತ್ತು. ರಾತ್ರಿ ಎಂಟರ ಮೇಲೆ ಪ್ರವಾಸದ ವಿಷಯ ಬಂದ್, ಹಗಲು ದಾರಿ ತಪ್ಪುವುದನ್ನು ಬೇಕಂತಲೇ ರೂಢಿ ಮಾಡಿ.

ಮೆಟ್ಟಿಲುಗಳನ್ನು ಅವರೇ ಬರೆದರು, ಪ್ರತಿಯೊಂದಕ್ಕೂ 0ರಿಂದ 100ರವರೆಗೆ ಭಯದ ಅಂಕ. ಮೊದಲನೆಯದು ರಾಯಚೂರಿನ ತೀನ್ ಕಂದೀಲ್ ಹತ್ತಿರ ನಿಂತು, ತನಗೆ ಗೊತ್ತಿರುವ ಅಂಗಡಿಗೇ ಮೂವರನ್ನು ದಾರಿ ಕೇಳುವುದು: 45. ಎರಡನೆಯದು ಒಬ್ಬರೇ ಮಂತ್ರಾಲಯಕ್ಕೆ ಹೋಗಿ ಬರುವುದು: 55. ಮೂರನೆಯದು ಹೈದರಾಬಾದ್ ಮೆಟ್ರೊ: 80. ಲಂಡನ್: 95. ಒಂದು ಮೆಟ್ಟಿಲನ್ನು ಅಂಕ ಅರ್ಧಕ್ಕೆ ಇಳಿಯುವ ತನಕ ಮತ್ತೆ ಮತ್ತೆ ಹತ್ತಬೇಕು, ಆಮೇಲೆ ಮುಂದಿನದು. ನಡುವೆ ಭಯ ಉಕ್ಕಿದರೆ ಓಡಿಹೋಗದೆ ಒಂದು ಕಡೆ ನಿಂತು, ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ. ಭಯದ ಉಕ್ಕು ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ತಾನೇ ಇಳಿಯಲು ಶುರುವಾಗುತ್ತದೆ. ಅದು ಇಳಿಯುವ ಮೊದಲೇ ಜಾಗ ಬಿಟ್ಟರೆ, ಬಿಟ್ಟಿದ್ದಕ್ಕೇ ಬದುಕಿದೆ ಎಂದು ಮೈ ಕಲಿತುಬಿಡುತ್ತದೆ.

ಹೈದರಾಬಾದಿನ ದಿನಕ್ಕೆ ಒಂದು ಕಟ್ಟುಪಾಡು ಇತ್ತು. ರಾಯಚೂರಿನವರಿಗೆ ತೆಲುಗು ಬರುತ್ತದೆ, ಹಿಂದಿಯೂ ನಾಲಿಗೆ ಮೇಲೆ ಇರುತ್ತದೆ. ಎರಡನ್ನೂ ಆಡಬಾರದು, ಕೇಳುವುದೆಲ್ಲ ಇಂಗ್ಲಿಷಿನಲ್ಲೇ. ಎಂಜಿಬಿಎಸ್‌ನಲ್ಲಿ (ಅಲ್ಲಿನ ದೊಡ್ಡ ಬಸ್ ನಿಲ್ದಾಣ) ಬಸ್ಸಿಳಿದು ಅಲ್ಲೇ ಮೆಟ್ರೊದ ಕೆಂಪು ಮಾರ್ಗ ಹತ್ತುವುದು, ಅಮೀರ್‌ಪೇಟೆಯಲ್ಲಿ ನೀಲಿ ಮಾರ್ಗಕ್ಕೆ ಬದಲಾಯಿಸಿ ರಾಯದುರ್ಗಂ ಮುಟ್ಟುವುದು. ಲಂಡನ್ ಟ್ಯೂಬಿನಲ್ಲಿ (ಅಲ್ಲಿನ ನೆಲದಡಿಯ ಮೆಟ್ರೊ) ಮಾಡುವ ಕೆಲಸವೂ ಇದೇ: ಬಣ್ಣ ನೋಡು, ರೈಲು ಯಾವ ಕೊನೆಗೆ ಹೋಗುತ್ತದೆ ನೋಡು, ಕಾರ್ಡ್ ಮುಟ್ಟಿಸು.

ಅಮೀರ್‌ಪೇಟೆಯಲ್ಲಿ ಜನ ತಳ್ಳಿದ ರಭಸಕ್ಕೆ ಅವರು ನಾಗೋಲ್ ಕಡೆಯ ರೈಲು ಹತ್ತಿಬಿಟ್ಟರು. ಅದು ಬೇಕಂತ ಮಾಡಿದ ತಪ್ಪಲ್ಲ, ನಿಜವಾದದ್ದು. ಬಾಗಿಲು ಮುಚ್ಚಿದ ಮೇಲೆ ಗೊತ್ತಾಯಿತು. ಕಾಲು ನಡುಗಿತು, ಅಣ್ಣನ ನಂಬರ್ ತೆಗೆದರು. ಅಷ್ಟರಲ್ಲಿ ತಮ್ಮ ವಹಿಯ (ನೋಟ್‌ಬುಕ್ಕಿನ) ಮೊದಲ ಪುಟದಲ್ಲಿ ತಾವೇ ಬರೆದ ಸಾಲು ನೆನಪಾಯಿತು: ಮುಂದಿನ ನಿಲ್ದಾಣದಲ್ಲಿ ಇಳಿ, ಗೇಟ್ ದಾಟಬೇಡ, ಎದುರಿನ ಪ್ಲಾಟ್‌ಫಾರಂಗೆ ಹೋಗು. ಬೇಗಂಪೇಟೆಯಲ್ಲಿ ಇಳಿದು ಸಮವಸ್ತ್ರದವನೊಬ್ಬನನ್ನು ಕೇಳಿದರು. ಅವನು ಮೊಬೈಲಿನಿಂದ ತಲೆ ಎತ್ತದೆ ಕೈ ತೋರಿಸಿದ. “ನಗಲೇ ಇಲ್ರಿ ಅಂವ. ನನ್ನ ಕಡೆ ನೋಡ್ಲೂ ಇಲ್ಲ!” ಎಂದು ಮುಂದಿನ ಭೇಟಿಯಲ್ಲಿ ಹೇಳುವಾಗ ಅವರ ಮುಖದಲ್ಲಿ ಆಶ್ಚರ್ಯ ಇತ್ತು. 80 ಇದ್ದ ಅಂಕ ಎರಡನೇ ಸಲ ಹೋಗಿಬಂದಾಗ 35ಕ್ಕೆ ಇಳಿಯಿತು.

ಕೇಳುವುದರಲ್ಲೂ ಒಂದು ಜಾಣತನ ಇದೆ. ಇಂಗ್ಲಿಷ್ ಓದಲು ಬಂದು, ಕಿವಿಗೆ ಬಿದ್ದಾಗ ತಿಳಿಯದವರು ನಮ್ಮಲ್ಲಿ ಬಹಳ. ‘ಹೇಗೆ ಹೋಗುವುದು’ ಎಂದು ಕೇಳಿದರೆ ಎದುರಿನವರು ಉದ್ದಕ್ಕೆ ಹೇಳುತ್ತಾರೆ, ಎರಡನೇ ವಾಕ್ಯಕ್ಕೇ ಎಳೆ ತಪ್ಪುತ್ತದೆ. ಉತ್ತರ ಒಂದೇ ಪದದಲ್ಲಿ ಬರುವ ಹಾಗೆ ಕೇಳಬೇಕು: ‘ಲೆಫ್ಟ್ ಆರ್ ರೈಟ್?’ ‘ದಿಸ್ ಟ್ರೇನ್, ಪ್ಯಾಡಿಂಗ್ಟನ್?’ ಹೋಟೆಲ್ ಹೆಸರು, ವಿಳಾಸ, ಪೋಸ್ಟ್‌ಕೋಡ್ ದಪ್ಪಕ್ಷರದಲ್ಲಿ ಬರೆದ ಚೀಟಿ ತೋರಿಸಿ, ಫೋನಿನ ಮ್ಯಾಪ್ ಮೇಲೆ ಬೆರಳಿಟ್ಟು ತೋರಿಸಲು ಹೇಳಬೇಕು.

ಎಡಪುಟದ 24 ಚಿಂತೆಗೆ ಎರಡು ಭೇಟಿ ಹಿಡಿಯಿತು. ಇಂಥ ಪ್ರಯಾಣ ಹೊರಟ ಬೇರೆಯವರಿಗೂ ಬೇಕಾಗಬಹುದು ಎಂದು ಮುಖ್ಯವಾದವನ್ನು ಬರೆಯುತ್ತೇನೆ.

ಚೀಲ ಎಷ್ಟು ತೂಕ ಇರಬೇಕು? ವಿಮಾನದವರು ಬಿಡುವಷ್ಟಲ್ಲ, ನೀವೇ ಎತ್ತಿಕೊಂಡು ಎರಡು ಮಹಡಿ ಹತ್ತುವಷ್ಟು. ಟ್ಯೂಬಿನ ಹಳೆಯ ನಿಲ್ದಾಣಗಳಲ್ಲಿ ಎಷ್ಟೋ ಕಡೆ ಲಿಫ್ಟ್ ಇಲ್ಲ, ಸಣ್ಣ ಹೋಟೆಲುಗಳಲ್ಲೂ ಇರುವುದಿಲ್ಲ. ಇವರು ಶಾಲೆಯ ಮೆಟ್ಟಿಲ ಮೇಲೆ ಪರೀಕ್ಷೆ ಮಾಡಿ 19 ಕಿಲೋದಿಂದ 11ಕ್ಕೆ ಇಳಿಸಿದರು. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ಯಬಹುದು. ತುಪ್ಪ, ಪೇಡೆ, ಖೋವಾದ ಸಿಹಿ ಬೇಡ, ಭಾರತದಿಂದ ಹೋಗುವವರು ಹಾಲಿನ ಪದಾರ್ಥವನ್ನೂ ಮಾಂಸವನ್ನೂ ಅಲ್ಲಿಗೆ ತರುವಂತಿಲ್ಲ. ಅವ್ವ ಕಟ್ಟಿಕೊಟ್ಟ ತುಪ್ಪದ ಡಬ್ಬಿ ಮನೆಯಲ್ಲೇ ಉಳಿಯಿತು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಮಾತ್ರೆಗಳೂ ಕೈಚೀಲದಲ್ಲಿ, ಪಟ್ಟಿ ಕತ್ತರಿಸದೆ, ವೈದ್ಯರ ಚೀಟಿಯ ಜೊತೆ. ಚಾರ್ಜರಿಗೆ ಮೂರು ಚಪ್ಪಟೆ ಪಿನ್ನಿನ ಅಡಾಪ್ಟರ್ ಬೇಕು, ವೋಲ್ಟೇಜ್ ನಮ್ಮಲ್ಲಿಯಂತೆಯೇ 230.

ಕಾರ್ಡಿನ ವಿಷಯದಲ್ಲಿ ತಪ್ಪು ಜಾಸ್ತಿ ಆಗುತ್ತದೆ. ನಮ್ಮ ಬ್ಯಾಂಕ್ ಕಾರ್ಡುಗಳಲ್ಲಿ ವಿದೇಶಿ ಬಳಕೆ ಮೊದಲು ಬಂದ್ ಇರುತ್ತದೆ, ಊರಲ್ಲಿದ್ದಾಗಲೇ ಬ್ಯಾಂಕ್ ಆ್ಯಪಿನಲ್ಲಿ ಚಾಲೂ ಮಾಡಬೇಕು. ಒಟಿಪಿ ಬರುವುದು ಇಲ್ಲಿನ ಸಿಮ್ಮಿಗೆ, ಅದಕ್ಕೆ ರೋಮಿಂಗ್ ಇಲ್ಲದಿದ್ದರೆ ಕಾರ್ಡ್ ಇದ್ದೂ ಇಲ್ಲದ ಹಾಗೆ. ಅಂಗಡಿಯ ಯಂತ್ರ ರೂಪಾಯಿಯೋ ಪೌಂಡೋ ಎಂದು ಕೇಳಿದರೆ ಪೌಂಡ್ ಒತ್ತಬೇಕು, ರೂಪಾಯಿ ಒತ್ತಿದರೆ ಅವರು ಹಾಕಿದ ದರವೇ ಬೀಳುತ್ತದೆ. ರೈಲಿಗೆ ಕಾಂಟ್ಯಾಕ್ಟ್‌ಲೆಸ್ ಗುರುತಿರುವ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಕಂಪನಿಯ ಬ್ಯಾಂಕ್ ಕಾರ್ಡ್ ಸಾಕು. ಹತ್ತುವಾಗ ಮುಟ್ಟಿಸಿದ ಕಾರ್ಡನ್ನೇ ಇಳಿಯುವಾಗಲೂ ಮುಟ್ಟಿಸಬೇಕು. ಒಳಗೆ ಕಾರ್ಡ್, ಹೊರಗೆ ಫೋನ್ ಮುಟ್ಟಿಸಿದರೆ ಖಾತೆ ಒಂದೇ ಆದರೂ ಅದು ಎರಡು ಅರೆ ಪ್ರಯಾಣವಾಗಿ ಎರಡಕ್ಕೂ ಗರಿಷ್ಠ ದರ ಬೀಳುತ್ತದೆ. ಬಸ್ಸಿಗೆ ಹತ್ತುವಾಗ ಒಮ್ಮೆ ಮಾತ್ರ, ಅಲ್ಲಿ ನಗದು 2014ರಿಂದಲೇ ತೆಗೆದುಕೊಳ್ಳುವುದಿಲ್ಲ.

ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಇಮಿಗ್ರೇಶನ್ನಿನಲ್ಲಿ ನಮ್ಮ ಪಾಸ್‌ಪೋರ್ಟಿಗೆ ಯಂತ್ರದ ಗೇಟ್ ಇಲ್ಲ, ಅಧಿಕಾರಿಯ ಮುಂದೆ ನಿಲ್ಲಬೇಕು. ಯಾಕೆ ಬಂದಿರಿ, ಎಷ್ಟು ದಿನ, ಎಲ್ಲಿ ಇರುತ್ತೀರಿ, ಹೀಗೆ ಕೇಳುತ್ತಾರೆ. ಕೇಳಿದಷ್ಟಕ್ಕೇ ಉತ್ತರ. ವಾಪಸ್ ಟಿಕೆಟ್ ಮತ್ತು ಹೋಟೆಲಿನ ಕಾಗದ ಕೈಯಲ್ಲಿರಲಿ, ಫೋನ್ ಚಾರ್ಜ್ ಮುಗಿದರೂ ಕಾಗದ ಇರುತ್ತದೆ. ಹೋಟೆಲನ್ನು ಪ್ಯಾಡಿಂಗ್ಟನ್ ಹತ್ತಿರ ಹಿಡಿಯಿರಿ ಎಂದದ್ದು ಎಲಿಜಬೆತ್ ಮಾರ್ಗದ ರೈಲು ಹೀಥ್ರೂದಿಂದ ಅಲ್ಲಿಗೆ ಬದಲಾವಣೆ ಇಲ್ಲದೆ ಹೋಗುತ್ತದೆ ಎಂದು. ಮೊದಲ ದಿನಕ್ಕೆ ಮೂರೇ ಕೆಲಸ ಇಟ್ಟೆವು: ಕೋಣೆ ಸೇರುವುದು, ಹತ್ತಿರದ ಅಂಗಡಿಯಲ್ಲಿ ನೀರು ಹಣ್ಣು ಕೊಳ್ಳುವುದು, ನಿಲ್ದಾಣಕ್ಕೆ ಒಮ್ಮೆ ನಡೆದು ವಾಪಸ್ ಬರುವುದು. ಮೇ ತಿಂಗಳಲ್ಲಿ ಅಲ್ಲಿ ಹೊತ್ತು ಮುಳುಗುವುದು ರಾತ್ರಿ ಒಂಬತ್ತರ ಹೊತ್ತಿಗೆ. ಬೆಳಕಿದೆ ಎಂದು ತಿರುಗುತ್ತ ಹೋದರೆ ಮೈಗೆ ಅದು ರಾಯಚೂರಿನ ಮಧ್ಯರಾತ್ರಿ ದಾಟಿದ ಹೊತ್ತು. ದಣಿದ ಮೈಗೆ ಭಯ ಬೇಗ ಹತ್ತುತ್ತದೆ.

ರಸ್ತೆಯ ಅಂಚಿನಲ್ಲಿ ನಿಂತು ಫೋನ್ ನೋಡಬಾರದು, ಬೈಕಿನಲ್ಲಿ ಬಂದು ಕಿತ್ತುಕೊಂಡು ಹೋಗುವುದು ಆ ನಗರದಲ್ಲಿ ಹೆಚ್ಚು. ಮ್ಯಾಪ್ ನೋಡಬೇಕಾದರೆ ಅಂಗಡಿಯ ಒಳಗೆ ಹೋಗಿ, ಇಲ್ಲವೇ ಗೋಡೆಗೆ ಬೆನ್ನು ಕೊಟ್ಟು. ತುರ್ತಿಗೆ 999. ಪಾಸ್‌ಪೋರ್ಟ್ ಕಳೆದರೆ ಪೊಲೀಸರಿಗೆ ದೂರು ಕೊಟ್ಟು ಆಲ್ಡ್‌ವಿಚ್‌ನ ಇಂಡಿಯಾ ಹೌಸಿನಲ್ಲಿರುವ ನಮ್ಮ ಹೈಕಮಿಷನ್ನಿಗೆ ಹೋಗಬೇಕು. ಪಾಸ್‌ಪೋರ್ಟಿನ ಪ್ರತಿ ಮತ್ತು ಎರಡು ಫೋಟೊ ಬೇರೆ ಚೀಲದಲ್ಲಿರಲಿ.

ಒಂದು ಭೇಟಿಗೆ ಅಣ್ಣನನ್ನೂ ಕರೆಸಿದ್ದೆ. “ಒಬ್ಬಾಕಿ ಯಾಕ ಹೋಗ್ತಿ, ಟೂರಿನವರ ಜೋಡಿ ಹೋಗು” ಎನ್ನುತ್ತಿದ್ದವರು. ಅವರ ಕಾಳಜಿ ಸುಳ್ಳಲ್ಲ, ಆದರೆ ಗಂಟೆಗೊಮ್ಮೆ ವೀಡಿಯೊ ಕಾಲ್ ಬಂದರೆ ತಂಗಿ ಲಂಡನ್ನಿನಲ್ಲೂ ಅಣ್ಣನ ಹಿಂದೆಯೇ ನಡೆದ ಹಾಗಾಗುತ್ತದೆ. ಒಪ್ಪಂದ ಕಾಗದದ ಮೇಲೆ ಆಯಿತು. ದಿನಕ್ಕೆ ಎರಡು ಸಂದೇಶ, ಅಲ್ಲಿನ ಬೆಳಿಗ್ಗೆ ಎಂಟಕ್ಕೆ ಮತ್ತು ಸಂಜೆ ಆರಕ್ಕೆ. ಬೇಸಿಗೆಯಲ್ಲಿ ನಾಲ್ಕೂವರೆ ತಾಸು ಅಂತರ, ಅಂದರೆ ನಮ್ಮ ಮಧ್ಯಾಹ್ನ ಹನ್ನೆರಡೂವರೆ ಮತ್ತು ರಾತ್ರಿ ಹತ್ತೂವರೆ. ಬರದಿದ್ದರೆ ಎರಡು ತಾಸು ಕಾಯುವುದು, ಆಮೇಲೆ ಹೋಟೆಲಿಗೆ ಫೋನ್. ಅವ್ವನಿಗೆ ಮೊದಲೇ ಹೇಳಿ ಗಾಬರಿ ಮಾಡಬಾರದು. ಅಣ್ಣ ಸಹಿ ಹಾಕಿದರು.

ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಮುಗಿಸಿಕೊಂಡು ಮೇ ಎರಡನೇ ವಾರ ಹೊರಟರು. ಜೂನಿನಲ್ಲಿ ಕೊನೆಯ ಭೇಟಿಗೆ ವಹಿ ತಂದಿದ್ದರು.

ತಪ್ಪುಗಳು ಆಗಿದ್ದವು. ಗ್ರೀನ್‌ವಿಚ್‌ಗೆ ಬ್ಯಾಂಕ್ ನಿಲ್ದಾಣದಿಂದ ಡಿಎಲ್‌ಆರ್ ಎಂಬ ಹಗುರ ರೈಲು ಹಿಡಿದು ಕಟಿ ಸಾರ್ಕ್ ನಿಲ್ದಾಣದಲ್ಲಿ ಇಳಿದಿದ್ದಾರೆ. ಅಲ್ಲಿ ಗೇಟೇ ಇಲ್ಲ, ಕಂಬದ ಮೇಲಿನ ಯಂತ್ರಕ್ಕೆ ನಾವಾಗಿಯೇ ನೆನಪಿಟ್ಟು ಕಾರ್ಡ್ ಮುಟ್ಟಿಸಬೇಕು. ಮರೆತು ಹೊರಗೆ ಬಂದರು, ಗರಿಷ್ಠ ದರ ಬಿತ್ತು. ವಹಿಯಲ್ಲಿ ಅದರ ಎದುರು ಭಯದ ಅಂಕ 10.

ಗುಡ್ಡ ಹತ್ತಿ ವೀಕ್ಷಣಾಲಯದ ಅಂಗಳದ ಗೆರೆಯ ಮೇಲೆ ನಿಂತು ಫೋನ್ ನೋಡಿದರೆ ರೇಖಾಂಶ ಸೊನ್ನೆ ತೋರಿಸಲಿಲ್ಲ. ಇಪ್ಪತ್ತು ವರ್ಷ ಕಲಿಸಿದ ಪಾಠ! ಅಲ್ಲಿದ್ದ ಸಿಬ್ಬಂದಿಯನ್ನು ಕೇಳಿದರು. 1884ರಲ್ಲಿ ಜಗತ್ತು ಒಪ್ಪಿದ್ದು ಜಾರ್ಜ್ ಏರಿ ಎಂಬ ಖಗೋಳ ವಿಜ್ಞಾನಿಯ ದೂರದರ್ಶಕದ ಮೇಲೆ ಹಾದ ಗೆರೆಯನ್ನು, ಅದರ ಲಂಬ (ಮೇಲಿಂದ ಕೆಳಗಿನ ನೇರ) ಆ ಜಾಗದ ಗುರುತ್ವ ಎಳೆಯುವ ದಿಕ್ಕನ್ನು ನೋಡಿ ಹಿಡಿದದ್ದು. ಉಪಗ್ರಹಗಳು ಭೂಮಿಯ ಕೇಂದ್ರದಿಂದ ಲೆಕ್ಕ ಹಾಕುತ್ತವೆ. ಹಾಗಾಗಿ ಫೋನಿನ ಸೊನ್ನೆ ಸುಮಾರು 102 ಮೀಟರ್ ಪೂರ್ವಕ್ಕಿದೆ. ಉತ್ತರ ಉದ್ದವಾಗಿತ್ತು, ಅರ್ಧ ತಿಳಿಯಲಿಲ್ಲ. ಬರೆದು ತೋರಿಸಿ ಎಂದು ವಹಿಯನ್ನೇ ಅವರ ಕೈಗೆ ಕೊಟ್ಟರಂತೆ. ಆ ಪುಟದಲ್ಲಿ ಬೇರೆಯವರ ಕೈಬರಹದ ಎರಡು ಗೆರೆ, ನಡುವೆ ಒಂದು ಬಾಣ. ಆ ಬಾಣ ಹಿಡಿದು ಪಾರ್ಕಿನಲ್ಲಿ ಪೂರ್ವಕ್ಕೆ ನಡೆದು, ಫೋನು ಸೊನ್ನೆ ತೋರಿಸಿದ ಜಾಗದಲ್ಲಿ ಹುಲ್ಲಿನ ಮೇಲೆ ಕೂತು ರೊಟ್ಟಿ ತಿಂದಿದ್ದಾರೆ. ಮರುದಿನ ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಬಸವಣ್ಣನ ಮೂರ್ತಿ ಹುಡುಕಿದ್ದೂ ಕೇಳುತ್ತ ಕೇಳುತ್ತಲೇ.

ಕೊನೆಯ ಪುಟದಲ್ಲಿ ಶಾಲೆಯ ಹಾಜರಿಯ ಹಾಗೆ ಗೀಟು ಹಾಕಿ ಲೆಕ್ಕ ಇಟ್ಟಿದ್ದರು. ಎಂಟು ದಿನದಲ್ಲಿ ಕೇಳಿದ್ದು 43 ಸಲ. ನಕ್ಕವರು ಇಬ್ಬರು, ಅದರಲ್ಲಿ ಒಬ್ಬರ ಜೊತೆ ತಾವೂ ನಕ್ಕಿದ್ದಾರೆ.