ಯಾವ ಕ್ಯಾಮೆರಾ ಎಂದು ಕೇಳಿದಿರಿ, ಮೊದಲು ಫ್ಯಾನ್ ನಿಲ್ಲಿಸಿ

ಪದವಿಯ ಎರಡನೇ ವರ್ಷದಲ್ಲಿದ್ದೇನೆ, ಸಿನಿಮಾ ಶಾಲೆಗೆ ಕಟ್ಟುವಷ್ಟು ಹಣವಿಲ್ಲ, ಜೊತೆಗೆ ಮೂವರು ಗೆಳೆಯರಿದ್ದಾರೆ. ಕಿರುಚಿತ್ರ ಮಾಡುತ್ತಲೇ ಕಸುಬು ಕಲಿಯಬಹುದೇ, 50 ಸಾವಿರ ರೂಪಾಯಿಯೊಳಗೆ ಯಾವ ಕ್ಯಾಮೆರಾ ಕೊಳ್ಳಲಿ ಎಂದು ಕೇಳಿದ್ದೀರಿ.

ಕಲಿಯಬಹುದು. ಕ್ಯಾಮೆರಾ ಯಾವುದೂ ಬೇಡ, ಜೇಬಿನಲ್ಲಿರುವ ಮೊಬೈಲ್ ಸಾಕು. ಆ ಹಣದಲ್ಲಿ ಒಂದು ಸಾವಿರವನ್ನು ಕಾಲರ್ ಮೈಕಿಗೆ ಹಾಕಿ, ಒಂದಿಷ್ಟನ್ನು ಚಿತ್ರೀಕರಣದ ದಿನದ ಊಟಕ್ಕೆ ಎತ್ತಿಡಿ, ಉಳಿದದ್ದು ಬ್ಯಾಂಕಿನಲ್ಲೇ ಇರಲಿ. ನಾನು ಹೊಟ್ಟೆಪಾಡಿಗೆ ಸಂಕಲನ ಮಾಡುವವನು. ಛಾಯಾಗ್ರಾಹಕರು ಇದಕ್ಕೆ ಒಪ್ಪಲಿಕ್ಕಿಲ್ಲ; ಅವರ ಉತ್ತರವನ್ನೂ ಓದಿಕೊಳ್ಳಿ.

ನಮ್ಮ ಮೊದಲ ಕಿರುಚಿತ್ರವನ್ನು ಮೈಸೂರಿನಲ್ಲಿ ಓದುತ್ತಿದ್ದಾಗ ಮಾಡಿದೆವು. ಪರೀಕ್ಷೆಯಲ್ಲಿ ಫೇಲಾದ ಹುಡುಗ ಮನೆಗೆ ಬಂದು ಅಮ್ಮನಿಗೆ ವಿಷಯ ಹೇಳಬೇಕು, ಅಷ್ಟೇ ಕಥೆ. ಅಮ್ಮನ ಪಾತ್ರಕ್ಕೆ ಗೆಳೆಯನೊಬ್ಬನ ಚಿಕ್ಕಮ್ಮ ಒಪ್ಪಿದ್ದರು, ಅವರ ಅಡುಗೆಮನೆಯೇ ನಮ್ಮ ಸೆಟ್. ಬಾಡಿಗೆಗೆ ತಂದ ಕ್ಯಾಮೆರಾದಲ್ಲಿ ಹಿನ್ನೆಲೆ ಮಸುಕಾಗುವ ಚೆಂದಕ್ಕೆ ಮರುಳಾಗಿ ಅರ್ಧ ಬೆಳಿಗ್ಗೆಯನ್ನು ಅದರಲ್ಲೇ ಕಳೆದೆವು. ಆಮೇಲೆ ಅಮ್ಮನ ಕಡೆಯ ಶಾಟ್‌ಗಳನ್ನೆಲ್ಲ ತೆಗೆದೆವು. ಮಧ್ಯಾಹ್ನ ಕರೆಂಟ್ ಹೋಯಿತು. ಕಿಟಕಿಯ ಬೆಳಕು ಇದೆಯಲ್ಲ ಎಂದುಕೊಂಡು ಮಗನ ಕಡೆಯ ಶಾಟ್‌ಗಳನ್ನು ಆಗಲೇ ಮುಗಿಸಿದೆವು.

ರಾತ್ರಿ ಎರಡನ್ನೂ ಜೋಡಿಸಿ ನೋಡಿದರೆ, ಅಮ್ಮ ಮಾತನಾಡಿದಾಗಲೆಲ್ಲ ಪಕ್ಕದ ಕೋಣೆಯ ಸೀಲಿಂಗ್ ಫ್ಯಾನ್ ಗರಗರ ತಿರುಗುತ್ತಿತ್ತು. ಮಗ ಬಾಯಿ ತೆರೆದ ಕೂಡಲೇ ನಿಲ್ಲುತ್ತಿತ್ತು. ಮತ್ತೆ ಅಮ್ಮ, ಮತ್ತೆ ಗರಗರ. ಕಣ್ಣೀರು ಬರಬೇಕಾದ ದೃಶ್ಯ. ನೋಡಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಪ್ರತಿ ಜಾಗದಲ್ಲೂ ಎಲ್ಲರೂ ಬಾಯಿ ಮುಚ್ಚಿಕೊಂಡು ಅರ್ಧ ನಿಮಿಷ ಆ ಕೋಣೆಯ ಮೌನವನ್ನೇ ರೆಕಾರ್ಡ್ ಮಾಡಿಕೊಳ್ಳಬೇಕು, ಅದನ್ನು ಮಾತುಗಳ ಅಡಿಯಲ್ಲಿ ಹಾಸಿದರೆ ಕತ್ತರಿಸಿದ ಗುರುತು ಅಡಗುತ್ತದೆ ಎಂದು ನಾನು ಓದಿದ್ದೆ. ಓದಿದ್ದಷ್ಟೇ ಬಂತು. ಆ ರಾತ್ರಿಯ ನಂತರ ಯಾರ ಮನೆಗೆ ಚಿತ್ರೀಕರಣಕ್ಕೆ ಹೋದರೂ ಚಪ್ಪಲಿ ಬಿಟ್ಟವನೇ ಮೊದಲು ಹುಡುಕುವುದು ಫ್ಯಾನಿನ ಸ್ವಿಚ್ಚು, ಆಮೇಲೆ ಫ್ರಿಜ್ಜಿನದು. (ಫ್ರಿಜ್ ಆರಿಸಿದರೆ ನಿಮ್ಮ ಬೈಕಿನ ಕೀಲಿಯನ್ನು ಅದರೊಳಗೇ ಇಡಿ. ಹೊರಡುವಾಗ ತೆರೆಯಲೇಬೇಕಾಗುತ್ತದೆ, ಆಗ ಮತ್ತೆ ಹಾಕುವುದೂ ನೆನಪಾಗುತ್ತದೆ. ಹಾಲು ಒಡೆದ ಮನೆಗೆ ಎರಡನೇ ಸಲ ಹೋಗುವುದು ಕಷ್ಟ.)

ಫ್ಯಾನಿಗಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಮಗ ಕೊನೆಗೂ ವಿಷಯ ಹೇಳುತ್ತಾನೆ; ಅದನ್ನು ಕೇಳಿಸಿಕೊಳ್ಳುವ ಅಮ್ಮನ ಮುಖವನ್ನು ನಾವು ತೆಗೆದೇ ಇರಲಿಲ್ಲ. ಮಾತು ಯಾರದೋ ಅವರ ಮೇಲೆಯೇ ಕ್ಯಾಮೆರಾ ಇಟ್ಟಿದ್ದೆವು. ಅಷ್ಟರಲ್ಲಿ ಚಿಕ್ಕಮ್ಮ ಊರಿಗೆ ಹೊರಟುಹೋಗಿದ್ದರು, ಕ್ಯಾಮೆರಾವೂ ಬಾಡಿಗೆ ಅಂಗಡಿ ಸೇರಿತ್ತು. ಇದ್ದಬದ್ದ ಫೈಲುಗಳನ್ನೆಲ್ಲ ಮೊದಲಿನಿಂದ ಕಡೆಯವರೆಗೆ ನೋಡುತ್ತಾ ಕುಳಿತೆ. ಯಾವುದೋ ಕೆಟ್ಟ ಟೇಕಿನ ಆರಂಭದಲ್ಲಿ, ಆ್ಯಕ್ಷನ್ ಎನ್ನುವುದಕ್ಕೂ ಮೊದಲು, ಯಾರು ವೈರ್ ಎಡವಿದ್ದು ಎಂದು ನಾವು ಹುಡುಗರು ಜಗಳವಾಡುತ್ತಿದ್ದೇವೆ. ಚಿಕ್ಕಮ್ಮ ದಣಿದು ಕಟ್ಟೆಗೆ ಒರಗಿ, ಸೆರಗಿನ ತುದಿಯಿಂದ ಕತ್ತು ಒರೆಸಿಕೊಂಡು, ಎತ್ತಲೋ ನೋಡುತ್ತಾರೆ. ನಾಲ್ಕು ಸೆಕೆಂಡು. ನಮ್ಮ ಜಗಳದ ಧ್ವನಿ ತೆಗೆದುಹಾಕಿ ಅದನ್ನು ಮಗನ ಮಾತಿನ ಹಿಂದೆಯೇ ಇಟ್ಟೆ. ಏಳು ನಿಮಿಷದ ಚಿತ್ರದಲ್ಲಿ ನಂಬುವಂತಿದ್ದದ್ದು ಅದೊಂದೇ. ಆಕೆಯ ನಟನೆಯನ್ನು ಹೊಗಳಿದವರೆಲ್ಲ ಹೊಗಳಿದ್ದು ಆಕೆ ನಟಿಸದೇ ಇದ್ದ ಆ ಕ್ಷಣವನ್ನು.

ಹೀಗಾಗಿ ನಾನು ನಿಮ್ಮಿಂದ ಕೇಳುವುದು ಒಂದೇ: ತೆಗೆದದ್ದನ್ನು ನೀವೇ ಕತ್ತರಿಸಿ. ನಿರ್ದೇಶನ ನನ್ನದು, ಸಂಕಲನ ಗೊತ್ತಿರುವವನ ಪಾಲಿಗೆ ಎಂದು ಹಾರ್ಡ್ ಡಿಸ್ಕ್ ಕೈಗಿಟ್ಟು ಮನೆಗೆ ಹೋದರೆ, ಯಾವ ಶಾಟ್ ಇಲ್ಲದೆ ದೃಶ್ಯ ಕುಂಟುತ್ತಿದೆ ಎಂಬುದು ನಿಮಗೆ ತಿಳಿಯುವುದೇ ಇಲ್ಲ; ಮುಂದಿನ ಚಿತ್ರದಲ್ಲೂ ಅದನ್ನೇ ಮರೆಯುತ್ತೀರಿ. ಅದಕ್ಕೆ ಡಾವಿಂಚಿ ರಿಸಾಲ್ವ್ ಎಂಬ ಸಂಕಲನ ತಂತ್ರಾಂಶದ ಉಚಿತ ಆವೃತ್ತಿಯೇ ಸಾಕಾಗಿ ಉಳಿಯುತ್ತದೆ. ಇನ್ನೂ ಒಳ್ಳೆಯದೆಂದರೆ, ನಾಲ್ವರೂ ಅದೇ ಫೈಲುಗಳನ್ನು ಒಬ್ಬರಿಗೊಬ್ಬರು ತೋರಿಸದೆ ಬೇರೆಬೇರೆಯಾಗಿ ಜೋಡಿಸಿ, ಒಂದು ಸಂಜೆ ಒಟ್ಟಿಗೆ ಕುಳಿತು ನೋಡಿ. ನಾವು ಹಾಗೆ ಮಾಡಿದಾಗ ಒಬ್ಬನ ಚಿತ್ರದಲ್ಲಿ ಹುಡುಗ ಪಾಪದವನಾಗಿದ್ದ, ಇನ್ನೊಬ್ಬನದರಲ್ಲಿ ಅದೇ ಹುಡುಗ ಪಕ್ಕಾ ಕಳ್ಳ. ಮೌನದ ಅಳತೆ ಮಾತ್ರ ಬೇರೆ ಇತ್ತು.

ಶಾಲೆಯಿಂದ ಏನೂ ಸಿಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ. 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗವಾದ ಲಾ ಸಿನೆಫ್‌ನಲ್ಲಿ ಮೊದಲ ಬಹುಮಾನ ಪಡೆದ ಚಿದಾನಂದ ಎಸ್. ನಾಯ್ಕ್ ಅವರನ್ನೇ ನೋಡಿ. ವೈದ್ಯಕೀಯ ಓದಿದವರು, ಆಮೇಲೆ ಪುಣೆಯ ಸರ್ಕಾರಿ ಸಿನಿಮಾ ಶಾಲೆ ಎಫ್‌ಟಿಐಐನಲ್ಲಿ ಒಂದು ವರ್ಷದ ಟೆಲಿವಿಷನ್ ಕೋರ್ಸ್ ಸೇರಿದರು. ಅಜ್ಜಿಯೊಬ್ಬಳು ಹುಂಜ ಕದ್ದೊಯ್ದಳೆಂದು ಊರಿಗೆ ಬೆಳಗೇ ಆಗದ ಕನ್ನಡದ ಜನಪದ ಕಥೆಯನ್ನು ಸುಮಾರು 16 ನಿಮಿಷದಲ್ಲಿ ಹೇಳಿದರು; ಚಿತ್ರೀಕರಣ ನಡೆದದ್ದು ನಾಲ್ಕೇ ದಿನ. ಅವರ ಛಾಯಾಗ್ರಾಹಕ, ಸಂಕಲನಕಾರ, ಧ್ವನಿ ವಿನ್ಯಾಸಕರೂ ಅಲ್ಲಿಯ ವಿದ್ಯಾರ್ಥಿಗಳೇ. ತಮ್ಮ ತಮ್ಮ ಕೆಲಸದಲ್ಲಿ ಹಟ ಹಿಡಿದ ಸಹಪಾಠಿಗಳು, ಮೀರಲಾಗದ ಗಡುವು: ಶಾಲೆಯಲ್ಲಿ ನನಗೆ ಅಸೂಯೆ ಹುಟ್ಟಿಸುವುದು ಇವೆರಡೇ. ಗಡುವನ್ನು ನೀವೇ ಹಾಕಿಕೊಳ್ಳಬಹುದು. ಸಹಪಾಠಿಗಳೂ ಮೂವರಿದ್ದಾರೆ. ಪ್ರತಿ ಚಿತ್ರಕ್ಕೂ ಕೆಲಸ ಬದಲಿಸಿಕೊಳ್ಳಿ. ಒಮ್ಮೆ ಬೂಮ್ ಕೋಲು, ಅಂದರೆ ಮೈಕ್ ಕಟ್ಟಿದ ಉದ್ದನೆಯ ಕೋಲು, ಹಿಡಿದು ಹತ್ತು ನಿಮಿಷ ತೋಳು ನೋಯಿಸಿಕೊಂಡವನು ನಿರ್ದೇಶಕನಾದಾಗ ಸುಮ್ಮನೆ ಇನ್ನೊಂದು ಟೇಕ್ ಕೇಳುವುದಿಲ್ಲ.

ಮೊಬೈಲ್ ವಿಷಯಕ್ಕೆ ಬರುತ್ತೇನೆ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು, ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಮೊಬೈಲನ್ನು ಅದರ ಪಾಡಿಗೆ ಬಿಟ್ಟರೆ ಗೋಡೆಯ ಮೇಲೆ ಪಟ್ಟೆಪಟ್ಟೆ ಓಡಾಡುವುದು ಇದರಿಂದಲೇ. ಕೈಯಾರೆ ನಿಯಂತ್ರಿಸುವ ಕ್ಯಾಮೆರಾ ಆ್ಯಪ್ ಹಾಕಿಕೊಂಡು ಸೆಕೆಂಡಿಗೆ 25 ಫ್ರೇಮ್, ಶಟರ್ (ಪ್ರತಿ ಫ್ರೇಮಿಗೂ ಬೆಳಕು ಬೀಳುವ ಹೊತ್ತು) 1/50 ಸೆಕೆಂಡು ಇಟ್ಟುಬಿಡಿ. ಧ್ವನಿಯನ್ನು ಬೇರೆ ಮೊಬೈಲಿನಲ್ಲಿ ಹಿಡಿಯುವುದಾದರೆ ಟೇಕಿನ ಆರಂಭದಲ್ಲೂ ಕೊನೆಯಲ್ಲೂ ಚಪ್ಪಾಳೆ ತಟ್ಟಿ, ಆ ಸದ್ದು ಹಿಡಿದು ಚಿತ್ರಕ್ಕೆ ಧ್ವನಿ ಹೊಂದಿಸಬಹುದು. ಕೆಲವು ಮೊಬೈಲುಗಳ ಫ್ರೇಮ್ ವೇಗ ಏರಿಳಿಯುವುದರಿಂದ ಉದ್ದದ ಟೇಕುಗಳಲ್ಲಿ ತುಟಿಯೂ ಮಾತೂ ದೂರವಾಗುತ್ತವೆ. ಇಬ್ಬರು ಮಾತನಾಡುವಾಗ ಅವರ ನಡುವೆ ಒಂದು ಗೆರೆ ಇದೆಯೆಂದುಕೊಂಡು ಕ್ಯಾಮೆರಾವನ್ನು ಅದರ ಒಂದೇ ಬದಿಗೆ ಇಡಿ. ಇಲ್ಲದಿದ್ದರೆ ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಾ ಬಸ್ಸಿಗೆ ಕಾಯುತ್ತಿರುವಂತೆ ಕಾಣುತ್ತಾರೆ. ಬೆಳಕನ್ನು ಮುಖದ ಮೇಲೆ ತಿರುಗಿಸಲು ಒಂದು ಬಿಳಿ ಥರ್ಮೊಕೋಲ್ ಹಾಳೆ ಸಾಕು. ಚಿತ್ರೋತ್ಸವ, ಯೂಟ್ಯೂಬ್ ಎಲ್ಲ ಮೂರನೇ ಚಿತ್ರದ ನಂತರ ಯೋಚಿಸಿ.

ಮೊದಲ ಚಿತ್ರಕ್ಕೆ ಮಾತು ಬೇಡ. ಮೂರು ನಿಮಿಷ, ಒಬ್ಬ ಮನುಷ್ಯ, ಬೀಗ ಹಾಕಿದ ಬಾಗಿಲು. ಕೀಲಿ ಸಿಗುತ್ತಿಲ್ಲ. ಒಳಗೆ ಕುಕ್ಕರ್ ಕೂಗುತ್ತಿದೆ. ಕುಕ್ಕರನ್ನು ತೋರಿಸಬೇಡಿ, ಅದರ ಸದ್ದನ್ನು ಇನ್ನೊಂದು ದಿನ ನಿಮ್ಮ ಮನೆಯಲ್ಲೇ, ಒಮ್ಮೆ ಒಲೆಯ ಪಕ್ಕದಿಂದ, ಒಮ್ಮೆ ಮುಚ್ಚಿದ ಬಾಗಿಲಿನ ಹೊರಗಿನಿಂದ ರೆಕಾರ್ಡ್ ಮಾಡಿಕೊಳ್ಳಿ. ಬರುವ ಭಾನುವಾರ ತೆಗೆದು, ಅದರ ಮುಂದಿನ ಭಾನುವಾರದೊಳಗೆ ನಾಲ್ವರೂ ಜೋಡಿಸಿ ಮುಗಿಸಿ. ಮೂರನೇ ಕೂಗು ಎಲ್ಲಿ ಬರಬೇಕು ಎಂದು ನಿಮ್ಮಲ್ಲಿ ಜಗಳ ಹತ್ತಿದರೆ ನನಗೂ ಬರೆದು ತಿಳಿಸಿ. ಅದರ ಬಗ್ಗೆ ನನ್ನದೂ ಒಂದು ಹಟವಿದೆ.