ಆ ವರದಿಯನ್ನು ಓದಿದವರು ಎಷ್ಟು ಮಂದಿ?

ಮಾನ್ಯರೇ,

ಶಿವಮೊಗ್ಗದಿಂದ ನೀವು ಬರೆದ ಪತ್ರವನ್ನು ಪೂರ್ತಿಯಾಗಿ ಅಚ್ಚು ಮಾಡಲು ಸ್ಥಳವಿಲ್ಲ. ಆದ್ದರಿಂದ ಉಳಿದ ಓದುಗರಿಗಾಗಿ ಅದರ ಸಾರವನ್ನು ಮೊದಲು ಹೇಳುತ್ತೇನೆ. ದೇಶ ಆಳುವವರಿಗೆ ವಿದೇಶಾಂಗ ವ್ಯವಹಾರದ ಅನುಭವಕ್ಕಿಂತ ವಿವೇಚನೆ ಮುಖ್ಯ ಎಂದು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆವು. ನೀವು ಅದನ್ನು ಒಪ್ಪಿಲ್ಲ. ಪರವಾನಗಿ ಇಲ್ಲದವನ ಕೈಗೆ ಪ್ರಯಾಣಿಕರು ತುಂಬಿದ ಬಸ್ಸನ್ನು ಕೊಡುತ್ತೀರಾ ಎಂದು ಕೇಳಿದ್ದೀರಿ. ಅನುಭವವನ್ನು ವರ್ಷಗಳಲ್ಲಿ ಎಣಿಸಬಹುದು, ವಿವೇಚನೆಯನ್ನು ಎಣಿಸುವುದು ಹೇಗೆ, ಕೆಲಸ ಸರಿಹೋದ ಮೇಲೆ ಎಲ್ಲರಿಗೂ ವಿವೇಚನೆ ಇದ್ದಂತೆಯೇ ಕಾಣುತ್ತದಲ್ಲವೇ ಎಂದೂ ಕೇಳಿದ್ದೀರಿ. ಈ ಎರಡನೆಯ ಆಕ್ಷೇಪ ಗಟ್ಟಿಯಾದದ್ದು. ನಾನು ಇಷ್ಟು ದೀರ್ಘವಾಗಿ ಉತ್ತರಿಸುತ್ತಿರುವುದು ಅದಕ್ಕಾಗಿಯೇ.

2002ರ ಅಕ್ಟೋಬರ್ ತಿಂಗಳನ್ನು ನೆನಪಿಸಿಕೊಳ್ಳಿ. ಇರಾಕ್ ವಿರುದ್ಧ ಸೇನಾಬಲ ಬಳಸಲು ಅಧ್ಯಕ್ಷ ಜಾರ್ಜ್ ಬುಷ್ ಅವರಿಗೆ ಅಧಿಕಾರ ನೀಡುವ ನಿರ್ಣಯಕ್ಕೆ ಅಮೆರಿಕದ ಸೆನೆಟ್ 77–23 ಮತಗಳಿಂದ ಒಪ್ಪಿಗೆ ಕೊಟ್ಟಿತು. ಟೆಕ್ಸಾಸ್‌ನ ಗವರ್ನರ್ ಆಗಿದ್ದ ಬುಷ್ ವಿದೇಶಾಂಗ ವಿಷಯದಲ್ಲಿ ಹೊಸಬರು. ಆದರೆ ಅವರ ಸುತ್ತ ಇದ್ದವರು ಯಾರು? ಉಪಾಧ್ಯಕ್ಷ ಡಿಕ್ ಚೇನಿ 1991ರ ಕೊಲ್ಲಿ ಯುದ್ಧದ ವೇಳೆ ರಕ್ಷಣಾ ಕಾರ್ಯದರ್ಶಿಯಾಗಿದ್ದವರು (ಅಲ್ಲಿ ಕಾರ್ಯದರ್ಶಿ ಎಂದರೆ ನಮ್ಮಲ್ಲಿನ ಸಚಿವರ ಸ್ಥಾನ). ರಕ್ಷಣಾ ಕಾರ್ಯದರ್ಶಿ ಡೊನಾಲ್ಡ್ ರಮ್ಸ್‌ಫೆಲ್ಡ್ 1970ರ ದಶಕದಲ್ಲೇ ಒಮ್ಮೆ ಅದೇ ಹುದ್ದೆ ನಿರ್ವಹಿಸಿದ್ದವರು. ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ಕೊಲ್ಲಿ ಯುದ್ಧದ ಕಾಲದಲ್ಲಿ ಸೇನಾ ಮುಖ್ಯಸ್ಥರ ಜಂಟಿ ಸಮಿತಿಯ ಅಧ್ಯಕ್ಷರಾಗಿದ್ದವರು. ವಿರೋಧ ಪಕ್ಷದ ಕಡೆ ನೋಡಿದರೂ, ಸೆನೆಟ್‌ನ ವಿದೇಶಾಂಗ ಸಮಿತಿಯ ಅಧ್ಯಕ್ಷ ಜೋ ಬೈಡನ್ ನಿರ್ಣಯದ ಪರವಾಗಿಯೇ ಮತ ಹಾಕಿದರು. ನೀವು ಕೇಳುವ ಪರವಾನಗಿ ಇವರೆಲ್ಲರ ಜೇಬಿನಲ್ಲೂ ಇತ್ತು.

ಇನ್ನೂ ಸಂಕಟದ ಸಂಗತಿಯೊಂದಿದೆ. ಕೊಲ್ಲಿ ಯುದ್ಧದಲ್ಲಿ ಅಮೆರಿಕದ ಸೇನೆ ಬಾಗ್ದಾದ್‌ವರೆಗೆ ಏಕೆ ಹೋಗಲಿಲ್ಲ ಎಂದು 1994ರ ಸಂದರ್ಶನವೊಂದರಲ್ಲಿ ಕೇಳಿದಾಗ, ಸದ್ದಾಂ ಸರ್ಕಾರವನ್ನು ಉರುಳಿಸಿದರೆ ಅದರ ಜಾಗದಲ್ಲಿ ಏನನ್ನು ಕೂರಿಸುತ್ತೀರಿ, ಇರಾಕ್ ಚೂರುಚೂರಾಗಬಹುದು, ಅದು ಕಾಲು ಹೂತುಹೋಗುವ ಕೆಸರು ಎಂಬ ಅರ್ಥದ ಉತ್ತರವನ್ನು ಇದೇ ಚೇನಿ ಕೊಟ್ಟಿದ್ದರು. ಅಂದರೆ ಅನುಭವ ಪಾಠ ಕಲಿಸಿತ್ತು. ಬೇಕಾದ ದಿನ ಆ ಪಾಠವನ್ನು ಪಕ್ಕಕ್ಕಿಟ್ಟರು.

ಇನ್ನು, ಎಣಿಸುವುದು ಹೇಗೆ ಎಂಬ ನಿಮ್ಮ ಪ್ರಶ್ನೆ. ಮತದಾನಕ್ಕೆ ಕೆಲವೇ ದಿನಗಳ ಮೊದಲು, ಇರಾಕಿನ ಶಸ್ತ್ರಾಸ್ತ್ರಗಳ ಬಗ್ಗೆ ಗುಪ್ತಚರ ಸಂಸ್ಥೆಗಳು ಸುಮಾರು 90 ಪುಟಗಳ ರಹಸ್ಯ ವರದಿಯೊಂದನ್ನು ಸೆನೆಟರ್‌ಗಳಿಗೆ ಲಭ್ಯಗೊಳಿಸಿದ್ದವು. ಮೊದಲ ಐದು ಪುಟಗಳ ಸಾರಾಂಶ ಖಚಿತವಾದ ದನಿಯಲ್ಲಿತ್ತು. ಒಳಗೆ ಹೋದರೆ ಭಿನ್ನಮತ. ಇರಾಕ್ ತರಿಸಿಕೊಳ್ಳುತ್ತಿದ್ದ ಅಲ್ಯೂಮಿನಿಯಂ ಕೊಳವೆಗಳು ಪರಮಾಣು ಕಾರ್ಯಕ್ರಮಕ್ಕೆ ಎಂಬ ವಾದವನ್ನು ಇಂಧನ ಇಲಾಖೆ ಒಪ್ಪಿರಲಿಲ್ಲ, ವಿದೇಶಾಂಗ ಇಲಾಖೆಯ ಗುಪ್ತಚರ ವಿಭಾಗವೂ ಒಪ್ಪಿರಲಿಲ್ಲ. ಸಾರಾಂಶವನ್ನು ದಾಟಿ ಓದಿದ ಸೆನೆಟರ್‌ಗಳು ಬೆರಳೆಣಿಕೆಯಷ್ಟು ಎಂದು ನಂತರ ಪತ್ರಿಕೆಗಳು ವರದಿ ಮಾಡಿದವು. ಓದಿದವರಲ್ಲಿ ಗುಪ್ತಚರ ಸಮಿತಿಯ ಅಧ್ಯಕ್ಷ ಬಾಬ್ ಗ್ರಹಾಂ ಒಬ್ಬರು. ಅವರು ನಿರ್ಣಯದ ವಿರುದ್ಧ ಮತ ಹಾಕಿದರು. ಸಾವಿರಾರು ಜೀವಗಳನ್ನು ಬಲಿ ಕೇಳುವ ನಿರ್ಧಾರದ ಮುಂದೆ ಕೂತಾಗ ತೊಂಬತ್ತು ಪುಟ ಓದದಿರುವುದನ್ನು ನಾನು ಕ್ಷಮಿಸಲಾರೆ. ಇದು ಗೆದ್ದ ಮೇಲೆ ಕೊಡುವ ಪ್ರಶಸ್ತಿಯ ಮಾತಲ್ಲ. ಯುದ್ಧದ ಫಲಿತಾಂಶ ಏನೇ ಆಗಿದ್ದರೂ ಅಂದು ಓದಿದವರು ಯಾರು, ಓದದವರು ಯಾರು ಎಂಬ ಲೆಕ್ಕ ಬದಲಾಗುತ್ತಿರಲಿಲ್ಲ.

2002ರ ಅದೇ ಅಕ್ಟೋಬರ್ 2ರಂದು ಷಿಕಾಗೋದ ಸಭೆಯೊಂದರಲ್ಲಿ ಇಲಿನಾಯ್ ರಾಜ್ಯ ಶಾಸನಸಭೆಯ ಸದಸ್ಯರೊಬ್ಬರು ಈ ಯುದ್ಧ ಮೂರ್ಖತನ ಎಂದರು. ಅವರು ಬರಾಕ್ ಒಬಾಮ. 2008ರ ಚುನಾವಣೆಯಲ್ಲಿ ಅವರ ದೊಡ್ಡ ಬಂಡವಾಳ ಆ ಭಾಷಣವೇ ಆಗಿತ್ತು. ಆದರೆ ಒಮ್ಮೆ ಸರಿಯಾಗಿ ಯೋಚಿಸಿದವರು ಸದಾ ಹಾಗೆಯೇ ಯೋಚಿಸುತ್ತಾರೆ ಎಂದು ನಾನು ವಾದಿಸುವುದಿಲ್ಲ. 2011ರಲ್ಲಿ ಲಿಬಿಯಾದಲ್ಲಿ ಸರ್ವಾಧಿಕಾರಿ ಗದ್ದಾಫಿ ಪತನದ ಮರುದಿನಕ್ಕೆ ಸಿದ್ಧತೆ ಮಾಡಿಕೊಳ್ಳದೆ ಹೋದದ್ದೇ ತಮ್ಮ ಅತಿ ದೊಡ್ಡ ತಪ್ಪು ಎಂದು ಅವರೇ ಆಮೇಲೆ ಹೇಳಿಕೊಂಡರು. ವಿವೇಚನೆಯನ್ನು ಪ್ರತಿ ನಿರ್ಧಾರದಲ್ಲೂ ಹೊಸದಾಗಿ ತೋರಿಸಬೇಕಾಗುತ್ತದೆ.

ನಿಮ್ಮ ವಾದಕ್ಕೆ ಬಲ ಕೊಡುವ ಉದಾಹರಣೆಯನ್ನು ಮುಚ್ಚಿಡಬಾರದು. 1961ರ ಏಪ್ರಿಲ್‌ನಲ್ಲಿ ಕ್ಯೂಬಾದ ಬೇ ಆಫ್ ಪಿಗ್ಸ್ ದಾಳಿಗೆ ಒಪ್ಪಿದಾಗ ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ ಅಧಿಕಾರಕ್ಕೆ ಬಂದು ಮೂರು ತಿಂಗಳೂ ತುಂಬಿರಲಿಲ್ಲ. ದಾಳಿ ನೆಲಕಚ್ಚಿತು. ಒಂದೂವರೆ ವರ್ಷದ ನಂತರ ಅದೇ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳು ಕಂಡಾಗ ಅವರು ಬೇರೆಯದೇ ಮನುಷ್ಯರಂತೆ ನಡೆದುಕೊಂಡರು. ಅನುಭವವೇ ಕಲಿಸಿತಲ್ಲ ಎಂದು ನೀವು ಹೇಳಬಹುದು, ಅದು ನಿಜ. ಆದರೆ ಆ ಕ್ಷಿಪಣಿಗಳ ಬಗ್ಗೆ ಸಮಾಲೋಚನೆ ನಡೆದ ಕೋಣೆಯಲ್ಲಿ ಅವರಿಗಿಂತ ಹೆಚ್ಚು ಅನುಭವ ಇದ್ದವರು ಏನು ಹೇಳಿದರು ನೋಡಿ. ಹಿಂದಿನ ಅಧ್ಯಕ್ಷ ಟ್ರೂಮನ್ ಕಾಲದ ವಿದೇಶಾಂಗ ಕಾರ್ಯದರ್ಶಿ ಡೀನ್ ಅಚೆಸನ್ ಕ್ಷಿಪಣಿಗಳ ಮೇಲೆ ಬಾಂಬ್ ಹಾಕಿ ಎಂದರು. ಸೇನಾ ಮುಖ್ಯಸ್ಥರೂ ಅದನ್ನೇ ಒತ್ತಾಯಿಸಿದರು. ಕೆನಡಿ ಸಮುದ್ರದಲ್ಲಿ ನೌಕಾ ದಿಗ್ಬಂಧನ ಹಾಕಿ ಕಾಲಾವಕಾಶ ಪಡೆದರು. ಟರ್ಕಿಯಲ್ಲಿದ್ದ ಅಮೆರಿಕದ ಕ್ಷಿಪಣಿಗಳನ್ನು ತೆಗೆಯುವ ಗುಟ್ಟಿನ ಭರವಸೆ ಕೊಟ್ಟು ಸೋವಿಯತ್ ನಾಯಕ ಕ್ರುಶ್ಚೇವ್ ಅವರಿಗೆ ಹಿಂದೆ ಸರಿಯಲು ದಾರಿ ಬಿಟ್ಟರು. ಕ್ಯೂಬಾದಲ್ಲಿ ಆಗ ಸುಮಾರು 40,000 ಸೋವಿಯತ್ ಸೈನಿಕರಿದ್ದರು, ರಣರಂಗದಲ್ಲಿ ಬಳಸುವ ಸಣ್ಣ ಅಣ್ವಸ್ತ್ರಗಳೂ ಇದ್ದವು. ಇದು ಅಂದು ಆ ಕೋಣೆಯಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ತನಗೆ ಗೊತ್ತಿಲ್ಲದ್ದು ಇರಬಹುದು ಎಂಬ ಎಚ್ಚರದಿಂದ ನಡೆದವರು ಉಳಿದವರನ್ನೂ ಉಳಿಸಿದರು.

ನಮ್ಮ ದೇಶದಲ್ಲಿ ವಿದೇಶಾಂಗ ಅನುಭವದಲ್ಲಿ ನೆಹರೂ ಅವರನ್ನು ಮೀರಿಸುವವರಿಲ್ಲ. ಪ್ರಧಾನಿಯಾಗಿದ್ದ ಅಷ್ಟೂ ಕಾಲ ಆ ಖಾತೆ ಅವರಲ್ಲೇ ಇತ್ತು. 1962ರಲ್ಲಿ ಈಶಾನ್ಯ ಗಡಿಯ ಥಗ್ಲಾ ಬೆಟ್ಟಸಾಲಿನಿಂದ ಚೀನೀಯರನ್ನು ಹೊರಹಾಕುವ ಯೋಜನೆ ಕಾರ್ಯಸಾಧ್ಯವಲ್ಲ ಎಂದ ಲೆಫ್ಟಿನೆಂಟ್ ಜನರಲ್ ಉಮ್ರಾವ್ ಸಿಂಗ್ ಅವರಿಂದ ಆ ಹೊಣೆಯನ್ನು ಕಿತ್ತು, ಬಿ.ಎಂ. ಕೌಲ್ ಅವರಿಗೆ ಹೊಸ ಪಡೆ ಕಟ್ಟಿಕೊಡಲಾಯಿತು. ಆಗದು ಎಂದವರು ಹೊರಗೆ ಹೋದರು, ಆಗುತ್ತದೆ ಎಂದವರು ಒಳಗೆ ಬಂದರು. ಆಮೇಲೆ ಆದದ್ದು ನಮಗೆಲ್ಲ ಗೊತ್ತಿದೆ. ನೆಹರೂ ಅವರ ಮೇಲೆ ನನಗಿರುವ ಗೌರವ ದೊಡ್ಡದು, ಅದಕ್ಕಾಗಿಯೇ ಇದನ್ನು ಬರೆಯಲು ನೋವಾಗುತ್ತದೆ.

ಎಚ್.ಡಿ. ದೇವೇಗೌಡರು 1996ರ ಜೂನ್‌ನಲ್ಲಿ ಪ್ರಧಾನಿಯಾದಾಗ ಅವರಿಗೆ ವಿದೇಶಾಂಗದ ಗಂಧವಿಲ್ಲ ಎಂಬ ಮಾತು ಕೇಳಿಬಂತು. ಅದೇ ವರ್ಷದ ಡಿಸೆಂಬರ್ 12ರಂದು ಅವರು ಮತ್ತು ಬಾಂಗ್ಲಾದೇಶದ ಪ್ರಧಾನಿ ಷೇಕ್ ಹಸೀನಾ ಗಂಗಾ ನೀರು ಹಂಚಿಕೆ ಒಪ್ಪಂದಕ್ಕೆ ಸಹಿ ಹಾಕಿದರು. ಹಿಂದಿನ ಏರ್ಪಾಡು 1988ರಲ್ಲಿ ಮುಗಿದ ಮೇಲೆ ಪಶ್ಚಿಮ ಬಂಗಾಳದ ಫರಕ್ಕಾ ಬ್ಯಾರೇಜಿನ ನೀರಿಗೆ ಲಿಖಿತ ಹಂಚಿಕೆಯೇ ಇರಲಿಲ್ಲ. ಯಶಸ್ಸು ಗೌಡರೊಬ್ಬರದ್ದಲ್ಲ. ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಮಾಸ್ಕೋದಲ್ಲಿ ರಾಯಭಾರಿಯಾಗಿದ್ದ ಪಳಗಿದ ಕೈ. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಜೊತೆಗೂಡದಿದ್ದರೆ ಒಪ್ಪಂದ ಕಷ್ಟವಿತ್ತು. ಆದರೆ ಕರ್ನಾಟಕದ ನೀರಾವರಿ ಸಚಿವರಾಗಿ ಕ್ಯುಸೆಕ್ ಲೆಕ್ಕದಲ್ಲೇ ಬೆಳೆದವರಿಗೆ ಬೇಸಿಗೆಯಲ್ಲಿ ನದಿಯ ಕೆಳದಂಡೆಯವರ ಆತಂಕ ಏನೆಂದು ಬೇರೆಯವರು ಹೇಳಿಕೊಡಬೇಕಿರಲಿಲ್ಲ.

ಬಸ್ಸಿನ ಪ್ರಶ್ನೆಗೆ ಈಗ ಉತ್ತರಿಸುತ್ತೇನೆ. ರಾಯಭಾರಿಗೆ, ನಮ್ಮ ವಿದೇಶಾಂಗ ಇಲಾಖೆಯ ಕಾರ್ಯದರ್ಶಿಗೆ ಪರವಾನಗಿ ಬೇಕೇ ಬೇಕು, ಅದರಲ್ಲಿ ರಾಜಿಯಿಲ್ಲ. ಪ್ರಧಾನಿಯ ಮುಂದೆ ಬರುವುದು ಪರವಾನಗಿ ಉಳ್ಳ ಇಬ್ಬರು ಬೇರೆ ಬೇರೆ ದಾರಿ ತೋರಿಸಿದಾಗ ಯಾರನ್ನು ನಂಬಬೇಕು ಎಂಬ ಪ್ರಶ್ನೆ. ಅದಕ್ಕೆ ಉತ್ತರವನ್ನು ಯಾವ ಅಧಿಕಾರಿಯಿಂದಲೂ ಎರವಲು ತರಲಾಗದು.

ನಿಮ್ಮ ಕ್ಷೇತ್ರದ ಅಭ್ಯರ್ಥಿಗಳಿಗೆ ಏನು ಕೇಳಬೇಕು ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಆ ಗಂಗಾ ಒಪ್ಪಂದದ ಅವಧಿ 30 ವರ್ಷ, 2026ರ ಡಿಸೆಂಬರ್‌ವರೆಗೆ. ಅದು ಕೆಲವೇ ಪುಟಗಳ ದಾಖಲೆ, ಯಾರು ಬೇಕಾದರೂ ಓದಬಹುದು. ನೀವು ಓದಿದ್ದೀರಾ, ಓದಿದ ಮೇಲೆ ನಿಮ್ಮ ಅಭಿಪ್ರಾಯವನ್ನು ಒಪ್ಪದ ಯಾರ ಜೊತೆ ಮಾತಾಡಿದ್ದೀರಿ ಎಂದು ಕೇಳಿ. ಉತ್ತರಗಳನ್ನು ನಮಗೆ ಬರೆದು ಕಳುಹಿಸಿದರೆ ಪ್ರಕಟಿಸುತ್ತೇವೆ.

— ಸಂಪಾದಕ