ದಾವಣಗೆರೆಯಂಥ ಊರಲ್ಲಿ ಸಣ್ಣ ಗೇಮ್ ಸ್ಟುಡಿಯೋ ನಡೆಸುವವರು ಗಿರಾಕಿಗಳನ್ನೂ ಪ್ರಾಜೆಕ್ಟ್‌ಗಳನ್ನೂ ಹೇಗೆ ನೋಡಿಕೊಳ್ಳಬೇಕು?

ನೀವು ಮೂವರು ಗೆಳೆಯರು ವಿದ್ಯಾನಗರದಲ್ಲಿ ರೂಮು ಮಾಡಿ ಸ್ಟುಡಿಯೋ ಶುರು ಮಾಡಿದ್ದೀರಿ. ಮೊದಲ ಗೇಮ್, ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಅರ್ಲಿ ಆಕ್ಸೆಸ್‌ಗೆ ಬಂದಿದೆ, ಬೈಗುಳದ ರಿವ್ಯೂ ಬೀಳುತ್ತಿವೆ. ಚಿತ್ರದುರ್ಗದ ಓಬವ್ವನ ಕಿಂಡಿ ಮೇಲೆ ಎರಡನೇ ಗೇಮ್ ಈಗಲೇ ಘೋಷಿಸಿದರೆ ಜನರ ಗಮನ ಅತ್ತ ತಿರುಗಬಹುದಾ ಅಂತ ಕೇಳಿದ್ದೀರಿ. ನಾನೂ ಇದೇ ಊರಿನ ಒಂದು ಸಣ್ಣ ಸ್ಟುಡಿಯೋದಲ್ಲಿ ಪ್ರೋಗ್ರಾಮರ್. ನೇರವಾಗಿ ಹೇಳಿಬಿಡುತ್ತೇನೆ: ಬೇಡ. ಮೊದಲ ಗೇಮಿಗೆ ದುಡ್ಡು ಕೊಟ್ಟವರಿಗೆ ಸಲ್ಲಬೇಕಾದ್ದು ಸಲ್ಲುವ ತನಕ ಎರಡನೆಯದರ ಹೆಸರೇ ಎತ್ತಬೇಡಿ.

ಅರ್ಲಿ ಆಕ್ಸೆಸ್ ಅಂದರೆ ಇನ್ನೂ ಪೂರ್ತಿ ಮುಗಿಯದ ಗೇಮನ್ನೇ ಮಾರುವುದು. ಸ್ಟೀಮ್ ಇದನ್ನು 2013ರಲ್ಲಿ ಶುರು ಮಾಡಿತು. ಮುಂದೆ ಏನೋ ಬರುತ್ತದೆ ಅನ್ನುವ ಆಸೆಗಲ್ಲ, ಇವತ್ತು ಇರುವುದನ್ನು ನೋಡಿ ಜನ ಕೊಳ್ಳಬೇಕು ಅಂತ ಸ್ಟೀಮೇ ಡೆವಲಪರ್‌ಗಳಿಗೆ ಹೇಳುತ್ತದೆ. ಆದರೆ ನಿಮ್ಮ ಸ್ಟೋರ್ ಪೇಜಿನಲ್ಲಿ ‘ಶೀಘ್ರದಲ್ಲೇ ಮಲ್ಟಿಪ್ಲೇಯರ್, ಶೀಘ್ರದಲ್ಲೇ ಮೊಬೈಲ್, ಶೀಘ್ರದಲ್ಲೇ ಹೊಸ ಅಧ್ಯಾಯ’ ಅಂತ ಹಾಕಿದ್ದೇವೆ ಅಂದಿರಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತು ಅಲ್ವಾ? ಮೊದಲು ಆ ಸಾಲುಗಳನ್ನು ತೆಗೆಯಿರಿ. ಅದನ್ನು ಓದಿ ಈಗಾಗಲೇ ಕೊಂಡವರಿಗೆ ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಅಂತ ಒಂದು ಪ್ರಕಟಣೆಯಲ್ಲಿ ಬಿಡಿಸಿ ಹೇಳಿ. ಕೆಲವರು ಸಿಟ್ಟಾಗುತ್ತಾರೆ, ಆಗಲಿ. ಅವರಿಗೆ ಸಿಟ್ಟಾಗುವ ಹಕ್ಕಿದೆ.

‘ನೋ ಮ್ಯಾನ್ಸ್ ಸ್ಕೈ’ ಅನ್ನುವ ಗೇಮ್ ಮಾಡಿದ ಹೆಲೋ ಗೇಮ್ಸ್ ಕಂಪನಿಯವರು ಹೀಗೇ ಮುಂಚೆ ಮಾತು ಕೊಟ್ಟೂ ಕೊನೆಗೆ ಗೆದ್ದರಲ್ಲ ಅಂತ ನೀವು ಕೇಳಬಹುದು. ಹೌದು, 2016ರ ಆಗಸ್ಟ್‌ನಲ್ಲಿ ಗೇಮ್ ಬಂದಾಗ ಹೇಳಿದ್ದರಲ್ಲಿ ಎಷ್ಟೋ ಸಂಗತಿ ಅದರಲ್ಲಿ ಇರಲಿಲ್ಲ. ಜನ ಉಗಿದರು. ಹೆಲೋ ಗೇಮ್ಸ್‌ನವರು ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದರು, ವರ್ಷಗಟ್ಟಲೆ ಪುಕ್ಕಟೆ ಅಪ್‌ಡೇಟ್ ಕೊಟ್ಟರು, ಕೊನೆಗೆ ಜನರ ವಿಶ್ವಾಸ ವಾಪಸ್ ಬಂತು. ಆದರೆ ಅವರಿಗೆ ಶುರುವಿನಲ್ಲೇ ಮಾರಾಟ ಭರ್ಜರಿ ಆಗಿತ್ತು. ಆ ದುಡ್ಡಿನ ಮೇಲೆ ಅಷ್ಟು ವರ್ಷ ದುಡಿಯಲು ಆಯಿತು. ನಮ್ಮ ನಿಮ್ಮಂಥವರು ರೂಮಿನ ಬಾಡಿಗೆಗೇ ಲೆಕ್ಕ ಹಾಕಬೇಕು. ಒಂದು ಸಲ ಹೆಸರು ಕೆಟ್ಟರೆ ಸರಿಪಡಿಸಿಕೊಳ್ಳುವಷ್ಟು ಕಾಲ ನಾವು ಉಳಿಯುವುದಿಲ್ಲ.

ಬೈಗುಳದ ರಿವ್ಯೂ ವಿಷಯಕ್ಕೆ ಬರೋಣ. ನಮ್ಮ ಗೇಮಿಗೆ ಟರ್ಕಿಯಿಂದ ಒಬ್ಬರು ‘ಕಸ. ಸೇವ್ ಆಗುವುದೇ ಇಲ್ಲ’ ಅಂತ ಬರೆದರು. ನಮ್ಮ ಯಾವ ಕಂಪ್ಯೂಟರಿನಲ್ಲೂ ಆ ತೊಂದರೆ ಕಾಣಲಿಲ್ಲ. ಸುಮ್ನೆ ‘ನಮ್ಮ ಕಡೆ ಸರಿ ಇದೆ’ ಅಂತ ಬರೆದು ಕೈ ತೊಳೆದುಕೊಳ್ಳುವುದು ಸುಲಭವಿತ್ತು. ಟೆಸ್ಟಿಂಗ್ ನೋಡಿಕೊಳ್ಳುವ ಹುಡುಗಿ ಹಾಗೆ ಮಾಡಲಿಲ್ಲ. ರಿವ್ಯೂ ಕೆಳಗೇ ಕ್ಷಮೆ ಕೇಳಿ, ಗೇಮ್ ಓಡುವಾಗ ಏನೇನಾಯಿತು ಅಂತ ದಾಖಲಾಗುವ ಲಾಗ್ ಫೈಲ್ ಯಾವ ಫೋಲ್ಡರಿನಲ್ಲಿ ಸಿಗುತ್ತದೆ ಅಂತ ಬಿಡಿಸಿ ಬರೆದು, ಕಳಿಸಲು ಆಗುತ್ತದಾ ಅಂತ ಕೇಳಿದಳು. ಅವರು ಕಳಿಸಿದರು.

ಆಗ ಗೊತ್ತಾಯಿತು. ನಮ್ಮ ಕೋಡು ಸೇವ್ ಆದ ಹೆಸರುಗಳನ್ನು ಸಣ್ಣಕ್ಷರಕ್ಕೆ ಇಳಿಸಿ ಹುಡುಕುತ್ತಿತ್ತು. ಇಂಗ್ಲಿಷಿನಲ್ಲಿ ದೊಡ್ಡ ‘ಐ’ ಸಣ್ಣದಾದರೆ ತಲೆ ಮೇಲೆ ಚುಕ್ಕಿ ಬರುತ್ತದೆ. ಟರ್ಕಿಯವರಿಗೆ ಚುಕ್ಕಿ ಇರುವ ‘ಐ’ ಬೇರೆ ಅಕ್ಷರ, ಇಲ್ಲದ್ದು ಬೇರೆ ಅಕ್ಷರ. ಅಲ್ಲಿ ಅದೇ ದೊಡ್ಡ ‘ಐ’ ಇಳಿಸಿದರೆ ಚುಕ್ಕಿ ಇಲ್ಲದ್ದು ಬರುತ್ತದೆ. ವಿಂಡೋಸ್ ಟರ್ಕಿಶ್ ಸೆಟ್ಟಿಂಗಿನಲ್ಲಿದ್ದರೆ ನಾವು ಕೋಡು ಬರೆಯುವ ಭಾಷೆ ಸಿ ಶಾರ್ಪ್ ಕೂಡ ಅದೇ ನಿಯಮ ಹಿಡಿಯುತ್ತದೆ. ಹೆಸರು ತಾಳೆಯಾಗದೆ ಸೇವ್ ಸಿಗುತ್ತಿರಲಿಲ್ಲ. ಸಣ್ಣಕ್ಷರ ಮಾಡುವ ‘ಟುಲೋವರ್’ ಇದ್ದ ಕಡೆ, ಕಂಪ್ಯೂಟರಿನ ಭಾಷೆ ನೋಡದ ‘ಟುಲೋವರ್‌ಇನ್‌ವೇರಿಯಂಟ್’ ಅಂತ ಹಾಕಿದ್ದಕ್ಕೆ ಸರಿಹೋಯಿತು. ನಮ್ಮ ಹಾಗೆ ನೀವೂ ಗೇಮ್ ಕಟ್ಟುವುದು ಯೂನಿಟಿ ಅನ್ನುವ ಸಾಫ್ಟ್‌ವೇರಿನಲ್ಲೇ ಆದ್ದರಿಂದ ಇವತ್ತೇ ಕೋಡಿನಲ್ಲಿ ಹುಡುಕಿ ನೋಡಿ. ಹಾಗೇ ಜರ್ಮನ್ ಸೆಟ್ಟಿಂಗಿನಲ್ಲೂ ಒಮ್ಮೆ ಓಡಿಸಿ, ಅಲ್ಲಿ ದಶಮಾಂಶಕ್ಕೆ ಚುಕ್ಕಿ ಬದಲು ಅಲ್ಪವಿರಾಮ ಬರುತ್ತದೆ, ಕೋಡು ಸಂಖ್ಯೆಯನ್ನು ತಪ್ಪಾಗಿ ಓದಬಹುದು.

ತಿದ್ದಿದ್ದನ್ನು ಎಲ್ಲರಿಗೂ ಬಿಡುವ ಮುಂಚೆ ಬೀಟಾ ಬ್ರಾಂಚಿನಲ್ಲಿ, ಅಂದರೆ ಬೇಕಾದವರು ಮಾತ್ರ ಆರಿಸಿಕೊಳ್ಳುವ ಪರೀಕ್ಷೆಯ ಆವೃತ್ತಿಯಲ್ಲಿ ಹಾಕಿ, ಆ ಮನುಷ್ಯನಿಗೇ ಮೊದಲು ಆಡಲು ಕೊಟ್ಟೆವು. ಹಳೆಯ ಆವೃತ್ತಿಯನ್ನೂ ಇನ್ನೊಂದು ಬ್ರಾಂಚಿನಲ್ಲಿ ಇಟ್ಟೆವು, ಹೊಸದು ಕೈಕೊಟ್ಟರೆ ಹಿಂದಕ್ಕೆ ಹೋಗಲು ದಾರಿ ಇರಲಿ ಅಂತ. ರಿವ್ಯೂ ಬದಲಿಸಿ ಅಂತ ಕೇಳಲಿಲ್ಲ. ಕೇಳಲೂ ಬಾರದು. ಬೈದವರು ತಮ್ಮ ದುಡ್ಡು ಕೊಟ್ಟು, ತಮ್ಮ ಹೊತ್ತು ಕಳೆದು, ಮೇಲೆ ಬರೆಯುವ ಶ್ರಮವನ್ನೂ ತೆಗೆದುಕೊಂಡಿದ್ದಾರೆ. ಅಷ್ಟು ಕೆಲಸವನ್ನು ನಿಮ್ಮ ನೆಂಟರೂ ಮಾಡಿಕೊಡುವುದಿಲ್ಲ.

ರಿಫಂಡ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಮ್ಮಿ ಆಡಿದ್ದರೆ ಸ್ಟೀಮ್ ದುಡ್ಡು ವಾಪಸ್ ಕೊಡುತ್ತದೆ, ನಿಮ್ಮನ್ನು ಕೇಳುವುದೂ ಇಲ್ಲ. ಅದಕ್ಕೆ ಹೆದರಿ ಗೇಮನ್ನು ಎರಡು ಗಂಟೆ ದಾಟಿಸಲು ಎಳೆಯಬೇಡಿ. ವಾಪಸ್ ಮಾಡಿದವರು ಬರೆದ ಕಾರಣ ಮಾತ್ರ ಓದಿ.

ಗಿರಾಕಿಗಳ ಜೊತೆ ಮಾತು ನಿಲ್ಲಿಸದೆ ಇರುವುದು ಹೇಗೆ ಅಂತ ನೋಡಬೇಕಾದರೆ ‘ಫ್ಯಾಕ್ಟೋರಿಯೋ’ ಅನ್ನುವ ಗೇಮ್ ಮಾಡಿದ ವೂಬ್ ಕಂಪನಿಯನ್ನು ನೋಡಿ. ಪ್ರಾಗ್ ನಗರದವರು. 2013ರಿಂದ ಶುಕ್ರವಾರ ಶುಕ್ರವಾರ ಏನು ಮಾಡಿದೆವು, ಎಲ್ಲಿ ಸಿಕ್ಕಿಹಾಕಿಕೊಂಡೆವು ಅಂತ ಬರೆಯಲು ಶುರು ಮಾಡಿದರು. ಗೇಮ್ ಪೂರ್ತಿಯಾಗಿದ್ದು 2020ರಲ್ಲಿ. ಅವರು ಡಿಸ್ಕೌಂಟ್ ಕೊಡುವುದೇ ಇಲ್ಲ, ಹಾಗಾಗಿ ಮೊದಲೇ ಕೊಂಡವರಿಗೆ ಮೋಸಹೋದೆ ಅನ್ನಿಸುವುದಿಲ್ಲ. ಡಿಸ್ಕೌಂಟ್ ವಿಷಯದಲ್ಲಿ ಅವರಷ್ಟು ಗಟ್ಟಿ ನಿಲ್ಲುವುದು ನಮಗೆ ಕಷ್ಟ, ಆದರೆ ವಾರಕ್ಕೊಮ್ಮೆ ನಾಲ್ಕು ಸಾಲು ಬರೆಯಲು ಏನು ಖರ್ಚು? ಏನೂ ಆಗದ ವಾರ ‘ಈ ವಾರ ಏನೂ ಆಗಲಿಲ್ಲ’ ಅಂತಲೇ ಬರೆಯಿರಿ.

ತಿಂಗಳ ಖರ್ಚಿಗೆ ಹೊರಗಿನ ಕೆಲಸ ಹಿಡಿಯಬೇಕಾಗುತ್ತದೆ, ಅದು ಗೊತ್ತಿದ್ದದ್ದೇ. ಬೆಂಗಳೂರಿನ ಕಂಪನಿಗಳಿಗೆ ತ್ರೀಡಿ ಮಾಡೆಲ್, ಇಲ್ಲಿನ ಕಾಲೇಜುಗಳಿಗೆ ಸಿಮ್ಯುಲೇಷನ್, ಹೀಗೆ. ಏನು ಮಾಡುತ್ತೇವೆ, ಎಷ್ಟು ಸಲ ತಿದ್ದಿಕೊಡುತ್ತೇವೆ ಅನ್ನುವುದನ್ನು ಬರೆದು ಸಹಿ ಹಾಕಿಸಿ, ಅಡ್ವಾನ್ಸ್ ಬಂದ ಮೇಲೆ ಕೈ ಹಾಕಿ, ಪರಿಚಯದವರಾದರೂ ಅಷ್ಟೇ. ರಮ್ಮಿ, ಬೆಟ್ಟಿಂಗ್ ಆಪ್ ಮಾಡಿಕೊಡಿ ಅಂತ ಬಂದರೆ ಎಷ್ಟೇ ಕೊಟ್ಟರೂ ಒಲ್ಲೆ ಅನ್ನಿ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾನೂನಿನಲ್ಲಿ ಹಣ ಕಟ್ಟಿ ಆಡುವ ಆಟ ನಡೆಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ ಇದೆ. ಕಾನೂನು ಇಲ್ಲದಿದ್ದರೂ ನಾನು ಬೇಡ ಅನ್ನುತ್ತಿದ್ದೆ. ಅದರಲ್ಲಿ ಸಾಲ ಮಾಡಿಕೊಂಡ ಹುಡುಗರು ನಮ್ಮ ಓಣಿಯಲ್ಲೇ ಇದ್ದಾರೆ.

ಇನ್ನು ಎರಡನೇ ಗೇಮ್. ಯುಗಾದಿಗೆ ಮುಂಚೆ ಬಂದವರ ಬಟ್ಟೆಯೆಲ್ಲ ಇಸಕೊಂಡು, ಎಲ್ಲರಿಗೂ ‘ಹಬ್ಬಕ್ಕೆ ಕೊಡ್ತೀನಿ’ ಅನ್ನುವ ಟೈಲರ್ ನಿಮಗೂ ಗೊತ್ತಿರಬೇಕು. ಮೂವರೇ ಇದ್ದುಕೊಂಡು ಎರಡು ಗೇಮ್ ಹಿಡಿದರೆ ಹಾಗೇ ಆಗುತ್ತದೆ. ಆದರೆ ಓಬವ್ವನ ಕಿಂಡಿ ಆಸೆ ಬಿಡಿ ಅಂತ ನಾನು ಹೇಳುವುದಿಲ್ಲ, ಅದು ಒಳ್ಳೆಯ ಆಸೆ. ಚಿಕ್ಕಂದಿನಿಂದ ಆ ಕೋಟೆ ಹತ್ತಿದವರು ಮಾಡಬೇಕಾದ ಗೇಮ್ ಅದು. ಮೂವರಲ್ಲಿ ಒಬ್ಬರು ಶನಿವಾರ ಮಾತ್ರ ಅದರ ಮೇಲೆ ಕೂತುಕೊಳ್ಳಲಿ. ಏಳು ಸುತ್ತಿನ ಕೋಟೆ ಕಟ್ಟಲು ಹೋಗಬೇಡಿ. ಕಿಂಡಿ ಒಂದನ್ನೇ ಮಾಡಿ: ಒಬ್ಬನೇ ತೆವಳಿ ಬರುವಷ್ಟು ಸಂದು, ಈಚೆ ಒನಕೆ ಹಿಡಿದು ನಿಂತ ಹೆಂಗಸು, ಆಚೆಯಿಂದ ಪಿಸುಮಾತು. ಒಬ್ಬ ಬಿದ್ದಮೇಲೆ ಅವನನ್ನು ಪಕ್ಕಕ್ಕೆ ಎಳೆಯಬೇಕು, ಇಲ್ಲದಿದ್ದರೆ ಹಿಂದೆ ಬರುವವನಿಗೆ ಗೊತ್ತಾಗುತ್ತದೆ. ಬಣ್ಣ, ಸಂಗೀತ, ಕಥೆ ಯಾವುದೂ ಬೇಡ. ಬಾಪೂಜಿ ಕಾಲೇಜಿನ ನಾಲ್ಕು ಹುಡುಗ ಹುಡುಗಿಯರನ್ನು ಕೂರಿಸಿ, ಏನೂ ಹೇಳಿಕೊಡದೆ ಆಡಿಸಿ. ನಿಮ್ಮ ಮೊದಲ ಗೇಮ್ ಅರ್ಲಿ ಆಕ್ಸೆಸ್‌ನಿಂದ ಹೊರಗೆ ಬಂದು, ಅಷ್ಟರಲ್ಲಿ ಆ ಕಿಂಡಿಯನ್ನು ಜನ ಇನ್ನೊಂದು ಸಲ ಆಡುತ್ತೇವೆ ಅಂತ ಕೇಳುವ ಹಾಗಿದ್ದರೆ, ಆಗ ಸ್ಟೀಮಿಗೆ ಹೊಸ ಗೇಮಿನ ಶುಲ್ಕ ಅಂತ ಇನ್ನೊಂದು 100 ಡಾಲರ್ ಕಟ್ಟಿ ಅದರ ಪೇಜ್ ತೆರೆಯಿರಿ.